ಒಂಬತ್ತನೆಯ ಗುಳಿಯ ಮೀಟರು

ತಿಂಗಳ ಹತ್ತನೇ ತಾರೀಖು ನಾನು ನೀರು ಓದುತ್ತೇನೆ,
ಗಾಜು ಒರೆಸಿ, ಬಗ್ಗಿ, ಒಂದೊಂದೇ ಅಂಕಿ.
ಬಲೂಚಿ ಡ್ರೈವರ್ ದಾದ್ ರಹೀಂ ಎಂಜಿನ್ ಆರಿಸದೆ
ಖರ್ಜೂರದ ಬೀಜ ಉಗುಳುತ್ತ ಕಾಯುತ್ತಾನೆ.

ಮೊದಲು ಸೊಹಾರಿನ ಹೊರವಲಯ, ಏಳನೇ ನಂಬರಿನ ಕ್ಯಾಂಪು.
ಮುನ್ನೂರ ಹನ್ನೆರಡು ಜನ, ಇಪ್ಪತ್ತು ನಲ್ಲಿ,
ನಸುಕಿನ ನಾಲ್ಕಕ್ಕೇ ಸರತಿ.
ಸಿಮೆಂಟಿನ ಬೆನ್ನು, ಗ್ರೀಸಿನ ಮೊಣಕೈ, ಕೆಂಪು ಸೋಪಿನ ನೊರೆ
ತೊಳೆದ ನೀರು ಮೋರಿಗಿಳಿದು, ಶುದ್ಧೀಕರಣ ಘಟಕದ ಹೊಟ್ಟೆ ಸೇರಿ,
ನೇರಳೆ ಪೈಪು ಹಿಡಿದು ಹೆದ್ದಾರಿಯ ಅಡಿ ನುಸುಳಿ
ಪುರಸಭೆಯ ಗಾಲ್ಫ್ ಮೈದಾನದಲ್ಲಿ
ರಾತ್ರಿ ಹನ್ನೊಂದಕ್ಕೆ ಮೇಲೇಳುತ್ತದೆ:
ಚಿಕ್ ಚಿಕ್ ಚಿಕ್, ಅರ್ಧಚಂದ್ರ, ಅರ್ಧಚಂದ್ರ.
ಒಳಗೆ ಹುಲ್ಲಿಗೆ ಹಾಗೆ. ಗೇಟಿನಲ್ಲಿ
ಅರ್ಧಚಂದ್ರಕ್ಕೆ ಬೇರೆ ಅರ್ಥ.

ಗೇಟಿನ ಮೇಲೆ ಮೂರು ಭಾಷೆಯಲ್ಲಿ ಸಾರ್ವಜನಿಕ ಎಂದಿದೆ.
ಆಟಕ್ಕೆ ಹನ್ನೆರಡು ರಿಯಾಲ್; ಕ್ಯಾಂಪಿನ ಸಂಬಳ ತೊಂಬತ್ತು.
ಬಜೆಟ್ಟಿನಲ್ಲಿ ಇದರ ಹೆಸರು ಸಮುದಾಯ ಮನರಂಜನೆ.
ಅದೇ ತಲೆಬರಹದ ಕೆಳಗೆ, ಒಂದು ಸಾಲು ಬಿಟ್ಟು,
ಮೀನು ಮಾರುಕಟ್ಟೆಯ ಹಿಂದಿನ ವಾಲಿಬಾಲ್ ಅಂಗಳಕ್ಕೆ
ಎರಡು ದೀಪದ ಕಂಬ: ಮುಂದಿನ ವರ್ಷ.
ನಾನು ಬಂದು ಹನ್ನೊಂದು ವರ್ಷ,
ಮುಂದಿನ ವರ್ಷ ಇನ್ನೂ ಬಂದಿಲ್ಲ.

ಚಳಿಗಾಲದ ಸಭೆಯಲ್ಲಿ ಹುಮೈದ್ ಬಿನ್ ಖಲ್ಫಾನ್
ಕನ್ನಡಕ ತೆಗೆದು ಕೇಳಿದರು:
ಒಂದು ಗುಳಿಗೆ ಹದಿನಾಲ್ಕು ಸಾವಿರವೇ?
ಅಷ್ಟರಲ್ಲಿ ನನ್ನಜ್ಜ ಒಂಬತ್ತು ಬಾವಿ ತೋಡುತ್ತಿದ್ದರು,
ನೀರೂ ಬರುತ್ತಿತ್ತು.
ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ.
ಹಸಿರೆಂದರೆ ಊರಿನ ಮುಖ, ಎಂದರು.
ಆಗ ತೋಟದ ಎಂಜಿನಿಯರ್ ಶಮ್ಸಾ, ಮಾತಿನ ಸರದಿ ಅವಳದಲ್ಲ,
ಹಾಗಾದರೆ ಶುಕ್ರವಾರ ಸಂಜೆ ಗೇಟು ತೆರೆದಿಡಿ, ಎಂದಳು, ಟಿಕೇಟಿಲ್ಲದೆ;
ನೀರಿನ ಲೆಕ್ಕ ತಪ್ಪುವುದಿಲ್ಲ, ಬೇಕಾದರೆ ಇವನನ್ನು ಕೇಳಿ.
ಎಲ್ಲರೂ ನನ್ನತ್ತ ತಿರುಗಿದರು.
ಊರ ಹೊಳೆಗೆ ದೊಣೆನಾಯಕನ ಅಪ್ಪಣೆ ಯಾಕೆ ಎಂಬ ಗಾದೆ
ನಾಲಗೆಯ ತುದಿಗೆ ಬಂತು. ಪಾಪ, ಅದಕ್ಕೆ ಅರಬ್ಬಿ ಬಾರದು.
ತಪ್ಪುವುದಿಲ್ಲ ಸರ್, ಎಂದೆ.

ಮೊದಲ ಶುಕ್ರವಾರ ಬಂದವರು ಗೇಟು ದಾಟಿ ಅಲ್ಲೇ ನಿಂತರು.
ಗಾರೆಯ ಮೊಕ್ಸೇದ್ ಚಪ್ಪಲಿ ಬಿಟ್ಟ. ಅವನ ಹಿಂದೆ ಎಲ್ಲರೂ;
ಹುಲ್ಲಿನ ಅಂಚಿಗೆ ನಲವತ್ತು ಜೊತೆ, ಸಾಲಾಗಿ,
ಒಳಗೆ ಯಾರೋ ದೊಡ್ಡವರು ಮಲಗಿದ್ದಾರೆಂಬಂತೆ.
ಆಮೇಲೇನು ಮಾಡಬೇಕೋ ಯಾರಿಗೂ ತಿಳಿಯದು.
ಮಾರುಕಟ್ಟೆಯ ಹುಡುಗರು ಗುಳಿ ಕಂಡು ಜೇಬಿನಿಂದ ಗೋಲಿ ತೆಗೆದರು.
ಫಿಲಿಪಿನೋ ನರ್ಸೊಬ್ಬಳು ಬೋರಲು ಮಲಗಿ ಹುಲ್ಲು ಮೂಸಿದಳು.
ನಾನು ಕಾಲಿಟ್ಟೆ. ಒದ್ದೆ.
ಯಾರ ಬೆನ್ನಿನ ನೀರೋ, ತಣ್ಣಗೆ, ಬೆರಳ ಸಂದಿಗೆ ಬಂತು.
ನನ್ನದೇ ಇದ್ದರೂ ಇರಬಹುದು.

ಐದು ಶುಕ್ರವಾರ. ಆರನೆಯದಕ್ಕೆ ಸರಪಳಿ.
ಹಿಮ್ಮಡಿಯ ಗುರುತು ಮುಚ್ಚಲು ಎರಡು ಸಾವಿರದ ಚಿಲ್ಲರೆ ರಿಯಾಲ್,
ಅದನ್ನೂ ಸಮುದಾಯ ಮನರಂಜನೆಗೇ ಬರೆದರು.
ವಾಲಿಬಾಲ್ ಅಂಗಳಕ್ಕೆ ಕಂಬ ಬಂತು. ಒಂದು.
ಅರ್ಧ ಅಂಗಳ ಹಗಲು, ಅರ್ಧ ರಾತ್ರಿ;
ಕತ್ತಲ ಕಡೆಯವರು ಹೊಡೆದ ಚೆಂಡು
ಬಲೆ ದಾಟಿದ ಮೇಲೇ ಹುಟ್ಟುತ್ತದೆ.

ಈ ಹತ್ತಕ್ಕೆ ಒಂಬತ್ತನೆಯ ಗುಳಿಯ ಬಳಿ
ಮೀಟರಿನ ಮುಚ್ಚಳ ಎತ್ತಿದರೆ, ಮಣ್ಣಿನಲ್ಲಿ ಒಂದು ಹಸಿರು ಗೋಲಿ.
ದಾದ್ ರಹೀಂ ಹಾರ್ನ್ ಒತ್ತಿದ.
ಗೋಲಿಯನ್ನು ಗುಳಿಗೆ ಬಿಟ್ಟು, ವಾಲಿದ ಬಾವುಟ ನೆಟ್ಟಗೆ ಮಾಡಿ
ಅಂಕಿ ಬರೆದುಕೊಂಡೆ:
ಕಳೆದ ತಿಂಗಳಿಗಿಂತ ನೂರಾ ಆರು ಘನ ಮೀಟರ್ ಹೆಚ್ಚು.
ಸೆಕೆ ಶುರುವಾಗಿದೆ. ಕ್ಯಾಂಪಿನಲ್ಲಿ ಜನ
ದಿನಕ್ಕೆರಡು ಸಲ ಮೀಯುತ್ತಿದ್ದಾರೆ.